ಮೋರ್ಸ್‌ಬೆಕ್‌ನ ನಿಸ್ತಂತು ಮೌನಧಾಮ

ಉತ್ತರ ಜರ್ಮನಿಯ ಮೋರ್ಸ್‌ಬೆಕ್ ಪಟ್ಟಣದಲ್ಲಿ ಇಂಟರ್ನೆಟ್ ನಿಧಾನ ಎಂಬ ಆರೋಪದಲ್ಲಿ ಯಾವುದೇ ಹುರುಳಿಲ್ಲವೆಂದು ಹುರ್ಟಿಗ್‌ನೆಟ್ ಕಂಪನಿಯು ಲಿಖಿತವಾಗಿ ತಿಳಿಸಿದೆ. ವೇಗವು ಗೋಪುರದಿಂದ ದಿನವೂ ತಪ್ಪದೆ ಹೊರಡುತ್ತದೆ. ಹೊರಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಅದರ ಖಾಸಗಿ ವಿಷಯವಾಗಿದ್ದು, ಖಾಸಗಿತನ ಸಂರಕ್ಷಣಾ ಕಾಯಿದೆಯನ್ವಯ ಯಾರೂ ವಿಚಾರಿಸುವಂತಿಲ್ಲ.

ಈ ಉತ್ತರದಿಂದ ಸಮಾಧಾನವಾಗದಿದ್ದವನು ಊರಲ್ಲಿ ಎಕಾರ್ಟ್ ಬ್ರೂಮ್ಸ್ ಒಬ್ಬನೇ. ಚಿಮಣಿ ಗುಡಿಸುವ ಕೆಲಸ, ಕರಿ ಕೋಟು, ಉದ್ದ ಟೋಪಿ, ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದ ಒಂಟಿ ಜೀವ. ಹುಸುಮ್ ಬಂದರಿನಲ್ಲಿ ಮೀನು ಬ್ರೆಡ್ಡಿನ ಅಂಗಡಿ ಇಟ್ಟಿರುವ ಗೇಸಿನೆ ಹಾರ್ಮ್ಸ್ ಎಂಬ ಹೆಂಗಸಿನ ಮೇಲೆ ಅವನಿಗೆ ಮನಸ್ಸಾಗಿತ್ತು. ಮನಸ್ಸು ಅಂದರೆ ಸಣ್ಣಪುಟ್ಟದ್ದಲ್ಲ, ಆಲೂಗಡ್ಡೆ ಸಲಾಡು ಗಂಟಲಲ್ಲಿ ಇಳಿಯದಷ್ಟು.

ಪ್ರತಿ ಭಾನುವಾರ ಅವನು ಟೋಪಿ ಒರೆಸಿ, ಮೀಸೆ ಬಾಚಿ, ಗೇಸಿನೆಗೆ ವಿಡಿಯೋ ಕರೆ ಮಾಡುತ್ತಿದ್ದ. ಹವಾಮಾನದ ಮಾತು ಸರಾಗವಾಗಿ ಹೋಗುತ್ತಿತ್ತು. "ಗೇಸಿನೆ, ನೀನು ನನ್ನ..." ಅನ್ನುವಷ್ಟರಲ್ಲಿ ಚಿತ್ರ ಕಲ್ಲಾಗುತ್ತಿತ್ತು. ಅವನು ಅದೇ ಪ್ರಶ್ನೆಯನ್ನು ಧ್ವನಿ ಸಂದೇಶ ಮಾಡಿ ಕಳಿಸುತ್ತಿದ್ದ. ಅದು 'ಹೋಗುತ್ತಿದೆ' ಎಂದು ಸುತ್ತುತ್ತಲೇ ಇರುತ್ತಿತ್ತು. ಕೊನೆಯ ಸಲವಂತೂ ಗೇಸಿನೆ ಬಾಯಿ ತೆರೆದುಕೊಂಡೇ ನಿಂತುಬಿಟ್ಟಳು. ಆ ಚಿತ್ರವನ್ನು ಅವನು ಪಬ್ಬಿಗೆ ತಂದು ಎಲ್ಲರ ಮುಂದೆ ಇಟ್ಟ.

"ಇದು ಒಪ್ಪಿಗೆ ಕಣೋ, ನೋಡು ಎಷ್ಟು ಅಗಲ ತೆರೆದಿದ್ದಾಳೆ," ಅಂದ ಅಂಚೆಯವನು.

"ಮಣ್ಣು! ಅದು ಆಕಳಿಕೆ," ಅಂದಳು ಪಬ್ಬಿನ ಯಜಮಾನಿ ಇಲ್ಸೆಟ್ರಾಟ್. "ಹುಸುಮ್ ಏನು ಚಂದ್ರಲೋಕದಲ್ಲಿದೆಯಾ? ರೈಲು ಹತ್ತಿ ಹೋಗಿ ಎದುರಿಗೆ ನಿಂತು ಕೇಳೋ ಮಾರಾಯ!"

"ಅದು ಹೇಗಾಗುತ್ತೆ? ಕಂಪನಿಗೆ ತಿಂಗಳು ತಿಂಗಳು ದುಡ್ಡು ಕಟ್ತೀನಿ. ಕೇಳಿದರೆ ಅದರಲ್ಲೇ ಕೇಳೋದು. ನ್ಯಾಯ ಅಂದರೆ ನ್ಯಾಯ."

ಈ ಮಾತಿಗೆ ಇಡೀ ಪಬ್ಬು ತಲೆದೂಗಿತು. ಪ್ರೀತಿ ಇವತ್ತು ಬರುತ್ತೆ, ನಾಳೆ ಹೋಗುತ್ತೆ, ಒಪ್ಪಂದ ಒಪ್ಪಂದವೇ.

ಎಕಾರ್ಟ್ ದೂರು ಕೊಟ್ಟ. ದೂರನ್ನು ವಿಡಿಯೋ ಮೂಲಕ ಮಾತ್ರ ಸ್ವೀಕರಿಸಲಾಗುವುದೆಂದು ಕಂಪನಿ ತಿಳಿಸಿತು. ಫ್ಯಾಕ್ಸ್ ಮಾಡಿದ. ಫ್ಯಾಕ್ಸನ್ನು ಕಂಪನಿ ಮೆಚ್ಚಿಕೊಂಡಿತು. ಅಷ್ಟು ಬೇಗ ಅವರಿಗೆ ಹಿಂದೆಂದೂ ಏನೂ ತಲುಪಿರಲಿಲ್ಲವಂತೆ. ಪರಿಶೀಲನೆಗೆ ಡಾಕ್ಟರ್ ಪ್ಲಾಗ್‌ಮನ್ ಎಂಬ ಕಂಪನಿ ಅಧಿಕಾರಿ ಬಂದರು.

ಪ್ಲಾಗ್‌ಮನ್ನರ ಎರಡೂ ಕಣ್ಣಿನ ಕೆಳಗೆ ನಿದ್ದೆಗೆಟ್ಟು ಚೀಲಗಳು ಜೋತಿದ್ದವು, ಕೈಯಲ್ಲಿ ಮೂರು ಫೋನುಗಳಿದ್ದವು. ಊರ ಗಡಿ ದಾಟುತ್ತಲೇ ಮೂರೂ ಸತ್ತವು. ಅವರು ಚೌಕದಲ್ಲಿ ನಿಂತು ಕೈ ಎತ್ತಿದರು, ಬೆಂಚು ಹತ್ತಿದರು, ಕಾರಂಜಿಯ ಮೇಲಿನ ಕಲ್ಲಿನ ಕುದುರೆಯನ್ನೂ ಹತ್ತಿದರು. ಕೊನೆಗೆ ಸೋತು ಇಲ್ಸೆಟ್ರಾಟಳ ಪಬ್ಬಿನಲ್ಲಿ ಒಂದು ತುಂಡು ಪ್ಲಮ್ ಕೇಕು ತಿಂದು ಕುರ್ಚಿಯಲ್ಲೇ ಗೊರಕೆ ಹೊಡೆದರು. ಎದ್ದದ್ದು ಮಾರನೆಯ ದಿನ. ಮುಖ ಕೆಂಪು ಕೆಂಪಾಗಿ, ಮಗುವಿನ ಹಾಗೆ ಹೊಳೆಯುತ್ತಿತ್ತು.

"ನನ್ನ ಮೇಲಧಿಕಾರಿ ನನ್ನನ್ನು ಹುಡುಕಿದರಾ?" ಅಂದರು ಹೆದರುತ್ತಾ.

"ಹುಡುಕಿದ್ದರೂ ಗೊತ್ತಾಗಲ್ವಲ್ಲ, ಸಾಹೇಬ್ರೆ," ಅಂದಳು ಇಲ್ಸೆಟ್ರಾಟ್.

ಪ್ಲಾಗ್‌ಮನ್ನರ ಕಣ್ಣಲ್ಲಿ ನೀರು ಬಂತು. ಆ ವಾರವೇ ಪ್ರಕಟಣೆ ಹೊರಬಿತ್ತು:

"ಮೋರ್ಸ್‌ಬೆಕ್ ಪಟ್ಟಣದಲ್ಲಿ ಸಂಕೇತ, ಅಂದರೆ ಸಿಗ್ನಲ್, ಇಲ್ಲ ಎಂಬ ದೂರನ್ನು ಪರಿಶೀಲಿಸಲಾಗಿದೆ. ಸಂಕೇತವಿಲ್ಲದಿರುವುದು ದೋಷವಲ್ಲ, ಚಿಕಿತ್ಸೆ. ಇನ್ನು ಮುಂದೆ ಈ ಪಟ್ಟಣವು ಮಾನ್ಯತೆ ಪಡೆದ ನಿಸ್ತಂತು ಮೌನಧಾಮವಾಗಿರುತ್ತದೆ. ಗ್ರಾಹಕರು ಇಷ್ಟು ವರ್ಷ ಉಚಿತವಾಗಿ ಪಡೆದ ಚಿಕಿತ್ಸೆಯ ಬಾಕಿಯನ್ನು ಕಂಪನಿ ದೊಡ್ಡ ಮನಸ್ಸಿನಿಂದ ಮನ್ನಾ ಮಾಡಿದೆ. ಮುಂದಿನ ತಿಂಗಳಿನಿಂದ ಆರೋಗ್ಯ ಶುಲ್ಕ ಅನ್ವಯಿಸುತ್ತದೆ."

ಊರಿನವರು ಶುಲ್ಕ ಕಟ್ಟಿದರು. ಇಂಟರ್ನೆಟ್ಟಿಗೆ ಕಟ್ಟುವಾಗ ಏನೂ ಸಿಗುತ್ತಿರಲಿಲ್ಲ. ಈಗ ಅದೇ 'ಏನೂ ಇಲ್ಲ' ಎನ್ನುವುದು ಪ್ರಮಾಣಪತ್ರ ಸಮೇತ ಸಿಗುತ್ತಿತ್ತು. ಹ್ಯಾಂಬರ್ಗಿನಿಂದ, ಬ್ರೆಮೆನ್ನಿನಿಂದ ನಿದ್ದೆಗೆಟ್ಟ ಜನ ರೈಲು ತುಂಬಿ ಬಂದರು. ಚೌಕದ ತುಂಬ ಒರಗು ಕುರ್ಚಿಗಳು, ಕಂಬಳಿ ಹೊದ್ದ ರೋಗಿಗಳು. ಊರಲ್ಲಿ ಯಾರೂ ಸದ್ದು ಮಾಡಬಾರದಿದ್ದ, ಮಧ್ಯಾಹ್ನ ಒಂದರಿಂದ ಮೂರರವರೆಗಿನ ಶಾಂತಿ ವೇಳೆಗೆ ಹೊಸ ನಿಯಮ ಸೇರಿತು: ಹುಲ್ಲು ಕತ್ತರಿಸಬಾರದು, ಮೊಳೆ ಹೊಡೆಯಬಾರದು, ಸಂಕೇತ ಹುಡುಕುವ ಉದ್ದೇಶದಿಂದ ಭುಜಕ್ಕಿಂತ ಮೇಲೆ ಕೈ ಎತ್ತಬಾರದು.

ಆದರೆ ಯಾವನೋ ರೋಗಿಯ ಫೋನು ಒಮ್ಮೆ ಕುಂಯ್ ಅಂದುಬಿಟ್ಟಿತು. ರೋಗಿ ಹಣ ವಾಪಸ್ ಕೇಳಿದ. ದಾರಿತಪ್ಪಿದ ಸಂಕೇತಗಳು ಚಿಮಣಿಗಳಲ್ಲಿ ಅಡಗಿರಬಹುದೆಂದು ತಜ್ಞರ ಸಮಿತಿ ಅಭಿಪ್ರಾಯಪಟ್ಟಿತು. ಅವುಗಳನ್ನು ಗುಡಿಸಿ ಹಾಕಲು ಎಕಾರ್ಟನನ್ನೇ ನೇಮಿಸಲಾಯಿತು.

"ಅಯ್ಯೋ ನನ್ನ ಕರ್ಮವೇ! ನನ್ನ ಪ್ರಶ್ನೆ ಹೋಗೋ ದಾರೀನ ನಾನೇ ಗುಡಿಸಬೇಕಾ?" ಅಂದ ಎಕಾರ್ಟ್.

"ಪಿಂಚಣಿ ಇದೆ," ಅಂದರು ಪ್ಲಾಗ್‌ಮನ್.

ಎಕಾರ್ಟ್ ಗುಡಿಸಿದ. ಕಾಣದ ಸಂಕೇತವನ್ನು ಕಾಣುವ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ವಿಲೇವಾರಿ ಕೇಂದ್ರಕ್ಕೆ ಒಪ್ಪಿಸಿದ. ಅಲ್ಲಿ ಅದನ್ನು ಪ್ಲಾಸ್ಟಿಕ್ಕಿನ ಜೊತೆ ಹಾಕಬೇಕೋ ಕಾಗದದ ಜೊತೆ ಹಾಕಬೇಕೋ ಎಂದು ಬಹಳ ಚರ್ಚೆಯಾಯಿತು. ಭಾನುವಾರದ ಕರೆ ನಿಂತೇಹೋಗಿತ್ತು. ಚೀಲ ಕಟ್ಟುವಾಗೆಲ್ಲ ಅವನಿಗೆ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ, ಶಾಂತಿ ವೇಳೆಯಲ್ಲಿ, ಪಬ್ಬಿನ ಮಾಡಿನ ಮೇಲಿಂದ ಕೆಳಗೆ ನೋಡುತ್ತಾನೆ, ಒರಗು ಕುರ್ಚಿಯಲ್ಲಿ ಕುತ್ತಿಗೆವರೆಗೆ ಕಂಬಳಿ ಹೊದ್ದು ಗೇಸಿನೆ! ಅವನ ಕೈಲಿದ್ದ ಕುಂಚ ಜಾರಿ ನಾಲ್ಕು ರೋಗಿಗಳ ಮೇಲೆ ಮಸಿ ಉದುರಿತು.

"ನೀನಿಲ್ಲಿ?" ಅಂದ ಪಿಸುದನಿಯಲ್ಲಿ.

"ನಮ್ಮೂರ ಡಾಕ್ಟರು ಕಳಿಸಿದ್ರು," ಅಂದಳು ಅವಳೂ ಪಿಸುಗುಟ್ಟುತ್ತಾ. "ನರ ಎಲ್ಲ ಹಾಳಾಗಿದೆ. ಪ್ರತಿ ಭಾನುವಾರ ಒಬ್ಬ ಫೋನ್ ಮಾಡಿ 'ನೀನು ನನ್ನ, ನೀನು ನನ್ನ' ಅಂತಾನೆ, ಆಮೇಲೆ ಕಲ್ಲಾಗ್ತಾನೆ. ನೀನು ನನ್ನ ಏನು? ನನ್ನ ಅತ್ತೆಯಾ? ನನ್ನ ಸಾಲಗಾರ್ತಿಯಾ? ವಾರವೆಲ್ಲ ಅದೇ ಯೋಚನೆ. ಅವನ ಕರೆ ಖಂಡಿತ ತಲುಪದ ಜಾಗ ಇಡೀ ದೇಶದಲ್ಲಿ ಇದೊಂದೇ ಅಂತ ಬರೆದುಕೊಟ್ರು."

"ಆ ದಿನ ಬಾಯಿ ತೆರೆದೆಯಲ್ಲ, ಅದು?"

"ಸೀನು!"

ಎಕಾರ್ಟ್ ಚಿಮಣಿಯನ್ನು ತಬ್ಬಿಕೊಂಡು ಧೈರ್ಯ ತಂದುಕೊಂಡ. "ಗೇಸಿನೆ, ನೀನು ನನ್ನ..."

"ಶ್ಶ್!" ಅಂದರು ಇಡೀ ಚೌಕದ ರೋಗಿಗಳು.

"ಏನಂದೆ? ಕಟ್ ಆಗ್ತಿದೆ!" ಅಂದಳು ಗೇಸಿನೆ.

ಇಲ್ಸೆಟ್ರಾಟ್ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಏಣಿ ಇದೆ ಕಣೋ ಪೆದ್ದ! ಇಳಿಯೋ!"

ಈ ಸಾಧ್ಯತೆ ಅವನಿಗೆ ಹೊಳೆದೇ ಇರಲಿಲ್ಲ. ಅವನು ಇಳಿದ. ಮಸಿ ಮುಖವನ್ನು ಅವಳ ಕಿವಿಯ ಹತ್ತಿರ ತಂದು ಪೂರ್ತಿ ವಾಕ್ಯ ಹೇಳಿದ. ಗೇಸಿನೆ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಎಕಾರ್ಟ್ ಅಭ್ಯಾಸಬಲದಿಂದ ಕಾದ.

"ಆಕ್ಷೀ!" ಅಂದಳು. ಮೂಗಿಗೆ ಮಸಿ ಹೋಗಿತ್ತು. ಆಮೇಲೆ, ಎಲ್ಲ ನಿಯಮ ಮುರಿದು, ಚೌಕಕ್ಕೆಲ್ಲ ಕೇಳುವ ಹಾಗೆ, "ಹೂಂ, ಆಗ್ತೀನಿ! ಇಷ್ಟನ್ನ ಕೇಳೋಕೆ ಇಷ್ಟು ಹೊತ್ತಾ?" ಅಂದಳು. ಇಬ್ಬರಿಗೂ ಶಾಂತಿಭಂಗದ ದಂಡ ಬಿತ್ತು. ಇಬ್ಬರೂ ನಗುನಗುತ್ತಾ ಕಟ್ಟಿದರು.

ಮದುವೆ ಪುರಸಭೆಯಲ್ಲಿ ನಡೆಯಿತು. ನೋಂದಣಿ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಪ್ರಶ್ನೆ ಕೇಳಬೇಕು, ಅಷ್ಟರಲ್ಲಿ ಊರಿಗೆ ವೇಗ ಬಂತು. ಪೂರ್ತಿ ವೇಗ, ಹೇಳದೆ ಕೇಳದೆ. ಸಭೆಯ ಫೋನುಗಳೆಲ್ಲ ಒಟ್ಟಿಗೆ ಹಾಡಿದವು, ಕುಣಿದವು, ಮೇಜಿನಿಂದ ಉದುರಿದವು. ಗೇಸಿನೆಯ ಚೀಲದೊಳಗಿಂದ ಎಕಾರ್ಟನ ಹಳೆಯ ಧ್ವನಿ ಸಂದೇಶಗಳು ಒಂದಾದ ಮೇಲೊಂದು ಕೇಳತೊಡಗಿದವು: "ಗೇಸಿನೆ, ನೀನು ನನ್ನನ್ನ ಮದುವೆ ಆಗ್ತೀಯಾ? ಗೇಸಿನೆ, ನೀನು ನನ್ನನ್ನ ಮದುವೆ ಆಗ್ತೀಯಾ?"

"ಹೂಂ, ಹೂಂ, ಹೂಂ!" ಅಂತ ಚೀಲದ ಕಡೆ ತಿರುಗಿ ಕೂಗಿದಳು ಗೇಸಿನೆ, ನಗುವಿನಲ್ಲಿ ಕಣ್ಣೀರು ಸುರಿಸುತ್ತಾ.

ತಾನು ಪ್ರಶ್ನೆಯನ್ನೇ ಕೇಳಿರಲಿಲ್ಲವೆಂದು ಅಧಿಕಾರಿ ತಕರಾರು ತೆಗೆದರು. ಕಾಯಿದೆ ಪುಸ್ತಕ ತಿರುವಿ ಹಾಕಿ, ಕೊನೆಗೆ, ಮದುವೆಯು ಹುರ್ಟಿಗ್‌ನೆಟ್ ಮೂಲಕ ಊರ್ಜಿತವಾಗಿದೆ ಎಂದು ಮುದ್ರೆ ಒತ್ತಿದರು. ಎಕಾರ್ಟ್ ಎದೆಯುಬ್ಬಿಸಿ ಇಲ್ಸೆಟ್ರಾಟಳ ಕಡೆ ನೋಡಿದ. "ಹೇಳಿರಲಿಲ್ವಾ? ಅದರಲ್ಲೇ ಕೇಳಿದೆ!"

ಅಷ್ಟರಲ್ಲಿ ವೇಗ ಹೊರಟುಹೋಗಿತ್ತು. ಕಂಪನಿ ಮರುದಿನ ಪ್ರಕಟಣೆ ಹೊರಡಿಸಿತು: "ನಿನ್ನೆ ಮೋರ್ಸ್‌ಬೆಕ್‌ನಲ್ಲಿ ಇಂಟರ್ನೆಟ್ ಕೆಲಸ ಮಾಡಿದ್ದಕ್ಕಾಗಿ ವಿಷಾದಿಸುತ್ತೇವೆ. ಇಂಥದ್ದು ಮರುಕಳಿಸದಂತೆ ಕ್ರಮ ಕೈಗೊಳ್ಳಲಾಗುವುದು." ಊರಿನವರು ಇದನ್ನು ಸ್ವಾಗತಿಸಿದರು. ಹೆಚ್ಚಿನ ಬಿಗಿ ಕ್ರಮ ಬೇಕೆಂಬ ಮನವಿಗೆ ಮೊದಲ ಸಹಿ ಎಕಾರ್ಟನದು, ಎರಡನೆಯದು ಅವನ ಹೆಂಡತಿಯದು. ಮನವಿಯನ್ನು ಫ್ಯಾಕ್ಸ್ ಮಾಡಿ, ಕುಂಚ ಹೆಗಲಿಗೇರಿಸಿ, ಅವನು ಚಿಮಣಿ ಗುಡಿಸಲು ಹೋದ. ಗೇಸಿನೆ ಏಣಿ ಹಿಡಿದುಕೊಂಡಳು.