ವಿಭೂತಿ ಹಚ್ಚಿದ ಟ್ಯೂಬು

ಯಾವ ಕೆಲಸವನ್ನಾದರೂ ನಾಲ್ಕು ಸಲ ನೋಡಿದರೆ ಸಾಕು, ಅದು ನನಗೆ ಬಂದೇ ಬಿಟ್ಟಿತು ಎಂದು ತಿಳಿಯುವ ರೋಗ ನನಗೆ ಚಿಕ್ಕಂದಿನಿಂದಲೂ ಇದೆ. ಹಜಾಮತಿಯನ್ನು ನೋಡಿ ಕಲಿತು ಸೋದರಮಾವನ ಮೀಸೆಯನ್ನು ಒಂದೇ ಕಡೆ ಇಳಿಸಿದ್ದೇನೆ. ಗಡಿಯಾರದ ರಿಪೇರಿ ನೋಡಿ ಕಲಿತು, ಮನೆಯ ಗೋಡೆ ಗಡಿಯಾರ ಬಿಚ್ಚಿ, ಮತ್ತೆ ಕೂಡಿಸಿ, ಉಳಿದುಬಿಟ್ಟ ಎರಡು ಚಕ್ರಗಳನ್ನು ಹೆಚ್ಚಿನವು ಎಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ನಿಲಂಗಾದ ಪೇಟೆಯಲ್ಲಿ ನನ್ನದು ಅರಿವೆ ಅಂಗಡಿ. ಕತ್ತರಿ ಹಿಡಿದರೆ ಗೆರೆ ಎಳೆಯದೆ ನೆಟ್ಟಗೆ ಕತ್ತರಿಸುತ್ತೇನೆ. ಅಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಪಂಚರ್ ಹಾಕಲು ಹೋದೆ.

ಊರಿನಿಂದ ಒಂದೂವರೆ ಮೈಲಿ ದೂರ, ಕಾಸಾರಶಿರಸಿ ರಸ್ತೆಯಲ್ಲಿ, ನಮ್ಮದೊಂದು ಪೇರಲ ತೋಟ. ಅದನ್ನು ನೋಡಿಕೊಳ್ಳುತ್ತಿದ್ದವಳು ನನ್ನ ಅಕ್ಕ ಗುರಮ್ಮ. ಅವ್ವ ಸತ್ತಾಗ ನನಗೆ ಮೂರು ವರ್ಷ. ಸೊಂಟದ ಮೇಲೆ ಹೊತ್ತು ಸಾಕಿದವಳು ಈಕೆಯೇ. ಲಗ್ನವಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ತಿರುಗಿ ಬಂದಳು. ತೋಟಕ್ಕೆ ಗೊಬ್ಬರ ಸಾಗಿಸಲು ಬಡಿಗೇರನಿಂದ ಒಂದು ಕೈಗಾಡಿ ಮಾಡಿಸಿದ್ದೆ: ಮುಂದೆ ಒಂದೇ ಒಂದು ಸೈಕಲ್ ಗಾಲಿ, ಹಿಂದೆ ಎರಡು ಹಿಡಿಕೆ, ನಡುವೆ ಹಲಗೆಯ ತೊಟ್ಟಿ. ಆ ಗಾಲಿಗೂ ಜಾಲಿಮುಳ್ಳಿಗೂ ಬೀಗತನವಿತ್ತೋ ಏನೋ, ತಿಂಗಳಿಗೊಮ್ಮೆ ಭೇಟಿ ತಪ್ಪುತ್ತಿರಲಿಲ್ಲ.

ಆಗೆಲ್ಲ ನಮಗೆ ಮಸ್ತಾನಚಾಚಾ ಇದ್ದ. ನನ್ನ ಅಂಗಡಿಯ ಎದುರಿಗೇ ಅವನ ಸೈಕಲ್ ಅಂಗಡಿ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು, ತೂತಿನ ಸುತ್ತ ತಿಕ್ಕುವುದು, ಸಲ್ಯೂಷನ್ ಎಂಬ ಅಂಟು ಹಚ್ಚಿ ಊದಿ ಒಣಗಿಸುವುದು, ರಬ್ಬರ್ ತುಂಡು ಕೂಡಿಸುವುದು, ಡಬ್ಬಿಯಿಂದ ಏನೋ ಬಿಳಿ ಪುಡಿ ತೆಗೆದು ಸವರುವುದು, ಎಲ್ಲವನ್ನೂ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾದಿಯ ಮೇಲೆ ಕೂತು ನೋಡಿದ್ದೇನೆ. ನಿಜಾಮನ ಮೇಲೆ ಪೋಲೀಸ್ ಆಕ್ಷನ್ ಆಗಿ, ಊರೂರಲ್ಲಿ ಮುಸಲ್ಮಾನರ ಮೇಲೆ ದಾಳಿ ಎದ್ದ ವಾರ ಆ ಅಂಗಡಿಯನ್ನೂ ಒಡೆದರು. ಯಾರು ಒಡೆದರು ಎಂದು ನನ್ನನ್ನು ಕೇಳಬೇಡಿ. ನಾನು ನೋಡಿಲ್ಲ, ಮನೆಯ ಬಾಗಿಲಿಗೆ ಚಿಲಕ ಹಾಕಿಕೊಂಡು ಅಕ್ಕನೊಡನೆ ಒಳಗೆ ಕೂತಿದ್ದೆ. ಚಾಚಾ ನನ್ನ ಬಾಗಿಲು ಬಡಿದದ್ದು ಮಾತ್ರ ಕೇಳಿಸಿತು. "ಸಾವಕಾರ್ರ, ಬಾಗಲಾ ತಗೀರಿ" ಎಂದದ್ದೂ ಕೇಳಿಸಿತು. ಅಕ್ಕ ಎದ್ದು ಚಿಲಕಕ್ಕೆ ಕೈ ಹಾಕಿದಾಗ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡವನು ನಾನು. ಅವನು ಹೇಗೋ ಬದುಕಿ ಉಳಿದ. ಉದಗೀರಿಗೆ ಮಗಳ ಮನೆಗೆ ಹೋಗಿ, ಎರಡು ವರ್ಷದ ಮೇಲೆ ತಿರುಗಿ ಬಂದು, ಬಸ್ಸು ನಿಲ್ಲುವಲ್ಲಿ ಬೇವಿನ ಮರದ ಕೆಳಗೆ ಪಂಪು ಇಟ್ಟುಕೊಂಡು ಕೂತ. ಅಂದಿನಿಂದ ನಾನು ಆ ಕಡೆ ಕೆಲಸವಿದ್ದರೆ ಹಿಂದಿನ ಗಲ್ಲಿಗಳನ್ನೆಲ್ಲ ಸುತ್ತಿ ಹೋಗತೊಡಗಿದೆ. ನಡೆದಾಡುವುದು ಮೈಗೆ ಒಳ್ಳೆಯದು ಎಂದು ಡಾಕ್ಟರರೂ ಹೇಳುತ್ತಾರಲ್ಲ!

ಹೀಗಿರುವಾಗ ಕೈಗಾಡಿ ಮತ್ತೆ ಪಂಚರ್ ಆಯಿತು. ಅಕ್ಕ ಹೇಳಿದಳು: "ಚಾಚಾನ ಕಡಿ ಒಯ್ಯೋ. ಮಾಫಿ ಕೇಳು, ಪಂಚರ್ ಹಾಕಿಸ್ಕೊಂಡು ಬಾ. ಎರಡೂ ಕೆಲಸಾ ಒಮ್ಮೆ ಮುಗೀತಾವ."

"ಇಷ್ಟಕ್ಕ ಅಂವಾ ಯಾಕ ಬೇಕು? ನನಗ ಬರ್ತದ" ಎಂದೆ.

ಸಲ್ಯೂಷನ್ನಿನ ಕೊಳವೆಯೊಂದನ್ನು ತರಿಸಿದೆ. ಹಳೇ ಟ್ಯೂಬಿನಿಂದ ಒಂದು ತುಂಡನ್ನು ಅಂಗಡಿಯ ಕತ್ತರಿಯಿಂದ ಎಷ್ಟು ದುಂಡಗೆ ಕತ್ತರಿಸಿದೆನೆಂದರೆ ರೂಪಾಯಿ ನಾಣ್ಯ ನಾಚಬೇಕು. ಬಿಳಿ ಪುಡಿಯ ಮಾತು ಬಂತು. ನಮ್ಮ ಮನೆಯಲ್ಲಿ ಬಿಳಿ ಪುಡಿಗೇನು ಬರ? ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದು ಒಂದು ಮೂಲೆ ಕೆರೆದು ಪುಡಿ ಮಾಡಿದೆ. ಯಾವಾಗ ಹಚ್ಚಬೇಕು ಎಂಬ ಪ್ರಶ್ನೆಯೇ ನನಗೆ ಏಳಲಿಲ್ಲ. ಹುಟ್ಟಿದಾಗಿನಿಂದ ಯಾವ ಕೆಲಸಕ್ಕಾದರೂ ವಿಭೂತಿ ಮೊದಲು, ಮಿಕ್ಕದ್ದೆಲ್ಲ ಆಮೇಲೆ. ಟ್ಯೂಬನ್ನು ತಿಕ್ಕಿ, ಮೂರು ಬೆರಳಿನಿಂದ ಭಕ್ತಿಪೂರ್ವಕ ವಿಭೂತಿ ಎಳೆದು, ಸಾಲದೆಂದು ಇನ್ನಷ್ಟು ಉದುರಿಸಿ, ಅದರ ಮೇಲೆ ಸಲ್ಯೂಷನ್ ಹಚ್ಚಿ ತುಂಡು ಕೂಡಿಸಿದೆ. ಅಕ್ಕ ನೋಡುತ್ತ ನಿಂತಿದ್ದಳು. "ಟ್ಯೂಬಿಗಿ ದೀಕ್ಷಾ ಕೊಟ್ಟೀಯೇನೋ? ಇನ್ನ ಕೊರಳಾಗ ಒಂದು ಲಿಂಗಾ ಕಟ್ಟಿಬಿಡು" ಎಂದು ಹೊಟ್ಟೆ ಹಿಡಿದು ನಕ್ಕಳು. ಟ್ಯೂಬನ್ನು ಗಾಲಿಗೆ ಸೇರಿಸಿ ಪಂಪಿನಿಂದ ಗಾಳಿ ತುಂಬಿದೆ. ಮರುದಿನ ಬೆಳಿಗ್ಗೆ ನೋಡಿದರೆ ಗಾಲಿ ಕಲ್ಲಿನ ಹಾಗಿತ್ತು. ಅಕ್ಕನನ್ನು ಕರೆದು ಹೆಬ್ಬೆರಳಿನಿಂದ ಒತ್ತಿ ನೋಡಲು ಹೇಳಿದೆ. ಒತ್ತಿದಳು. ನಾನು ಆ ಮುಂಜಾನೆಯೆಲ್ಲ ಸಿಳ್ಳೆ ಹಾಕುತ್ತಿದ್ದೆ.

ಅಂದೇ ಮಧ್ಯಾಹ್ನ, ಪೇರಲ ಗಿಡದ ಬುಡದಲ್ಲಿ ಉದುರಿದ ಎಲೆ ಗುಡಿಸುತ್ತಿದ್ದ ಅಕ್ಕನಿಗೆ ಹಾವು ಕಚ್ಚಿತು. ಆಳು ಎತ್ತಿನ ಗಾಡಿಯಲ್ಲಿ ಹಣ್ಣು ಹೇರಿಕೊಂಡು ಕಾಸಾರಶಿರಸಿ ಸಂತೆಗೆ ಹೋಗಿದ್ದ. ತೋಟದಲ್ಲಿ ಇದ್ದದ್ದು ನಾನು, ಅಕ್ಕ, ಕೈಗಾಡಿ. ಮೊಣಕಾಲ ಕೆಳಗೆ ಧೋತರದ ಅಂಚು ಹರಿದು ಬಿಗಿದೆ. ಅವಳನ್ನು ತೊಟ್ಟಿಯಲ್ಲಿ ಕೂಡಿಸಿ ಊರಿನ ದವಾಖಾನೆಯ ಕಡೆ ಓಡಿಸಿದೆ. "ನನ್ನ ಲಗ್ನದ ಮೆರವಣಗಿ ಸುದ್ಧಾ ಇಷ್ಟು ಜೋರ ಇದ್ದಿಲ್ಲ" ಎಂದಳು. ಬೆವರು ಸುರಿಯುತ್ತಿದ್ದರೂ ನನಗೆ ನಗು ಬಂತು. ಅರ್ಧ ದಾರಿಯೂ ಆಗಿರಲಿಲ್ಲ, ಗಾಲಿಯಿಂದ ಸುಸ್ಸೆಂದು ಸದ್ದು. ನೋಡುತ್ತಿದ್ದಂತೆ ಗಾಡಿ ಕೆಳಗೆ ಕೂತಿತು. ಪಂಪು ತೋಟದಲ್ಲೇ ಉಳಿದಿತ್ತು. ಬರಿ ರಿಮ್ಮಿನ ಮೇಲೆ ನೂಕಿದರೆ ಕರಿಮಣ್ಣಿನಲ್ಲಿ ಹೂತು ನಿಂತಿತು. ಕೊನೆಗೆ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೆ. ಅರಿವೆಯ ಥಾನು ಬಿಟ್ಟರೆ ಇನ್ನೇನನ್ನೂ ಎತ್ತಿದ ಮೈಯಲ್ಲ ಇದು. ನೂರು ಹೆಜ್ಜೆಗೊಮ್ಮೆ ಇಳಿಸಿದೆ. ಮೂರನೆಯ ಸಲ ಇಳಿಸಿದಾಗ ಅವಳ ನಾಲಗೆ ಆಗಲೇ ತೊದಲುತ್ತಿತ್ತು. "ಇಳಸಬ್ಯಾಡೋ... ನಾ ನಿನ್ನ ಎಂದಾರ ಇಳಸೀನೇನು?" ಎಂದಳು. ಆಮೇಲೆ ಮಾತಾಡಲಿಲ್ಲ. ದವಾಖಾನೆಯಲ್ಲಿ ಡಾಕ್ಟರರು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, "ಉಶೀರ ಝಾಲಾ" ಎಂದರು. ತಡವಾಯಿತು ಎಂಬುದಕ್ಕೆ ಮರಾಠಿಯಲ್ಲಿ ಎರಡೇ ಶಬ್ದ ಸಾಕು.

ಮರುದಿನ ಮಣ್ಣಿಗೆ ಒಯ್ಯುವ ಮುಂಚೆ ಅಕ್ಕನನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚು ಎಂದರು ಹಿರಿಯರು. ಅದೇ ಗಟ್ಟಿ, ಒಂದು ಮೂಲೆ ನಾನು ಕೆರೆದದ್ದು. ಹಚ್ಚಿದೆ.

ಮೂರನೆಯ ದಿನ ಮುಂಜಾನೆ ಅಂಗಳದಲ್ಲಿ ಗಾಲಿಯ ಸದ್ದಾಯಿತು. ಮಸ್ತಾನಚಾಚಾ ಕೈಗಾಡಿಯನ್ನು ನೂಕಿಕೊಂಡು ಬಂದಿದ್ದ. "ಅಕ್ಕಾವ್ರ ಸುದ್ದಿ ಕೇಳಿದೆರಿ. ಗಾಡಿ ರಸ್ತೇದಾಗ ಬಿದ್ದಿತ್ತು, ಪಂಚರ್ ಹಾಕಿ ತಂದೀನಿ" ಎಂದ. ಜೇಬಿನಿಂದ ನನ್ನ ದುಂಡನೆಯ ರಬ್ಬರ್ ತುಂಡನ್ನು ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದ. ಒಂದಿಷ್ಟೂ ಹರಿದಿರಲಿಲ್ಲ. ಕೆಳಗೆ ಬೆಳ್ಳಗೆ ವಿಭೂತಿ ಅಂಟಿಕೊಂಡಿತ್ತು.

"ಕತ್ತರಸೋದು ಛಂದ ಕತ್ತರಸ್ಯಾರ. ಆದ್ರ ಪುಡಿ ಕಡೀಗಿ ಹಾಕಬೇಕ್ರಿ, ಮ್ಯಾಲಿಂದ. ಮೊದಲ ಹಾಕಿದ್ರ ಸಲ್ಯೂಷನ್ ಹಿಡ್ಯಂಗಿಲ್ಲ. ಯಾರ ಕಡಿಂದ ಹಾಕಿಸಿದ್ರಿ?"

ಬಾಗಿಲು ತೆರೆದೇ ಇತ್ತು. ಹೊಸ್ತಿಲಿನ ಈ ಕಡೆ ನಾನು, ಆ ಕಡೆ ಅವನು. ಇಬ್ಬರ ನಡುವೆ ಚಿಲಕ ಹಿಡಿಯುವವರೂ ಇರಲಿಲ್ಲ, ತೆರೆಯುವವರೂ ಇರಲಿಲ್ಲ. "ಯಾರೋ ಒಬ್ಬಾಂವ ಹಾಕಿದ" ಎಂದೆ.

"ಅಂವಗ ಹೇಳ್ರಿ" ಎಂದ ಚಾಚಾ.

"ಹೇಳತೀನಿ" ಎಂದೆ.

ಕೊಟ್ಟ ಮಾತಿಗೆ ತಪ್ಪಿಲ್ಲ. ದಿನಾ ಮುಂಜಾನೆ ಸ್ನಾನ ಮಾಡಿ ವಿಭೂತಿ ಗಟ್ಟಿಗೆ ಕೈ ಹಾಕಿದಾಗಲೆಲ್ಲ ಆ ಒಬ್ಬನಿಗೆ ಹೇಳುತ್ತಲೇ ಬಂದಿದ್ದೇನೆ. ದಡ್ಡನಾದರೂ ಈಗ ಕಲಿತಿದ್ದಾನೆ. ಪುಡಿ ಕಡೆಗೇ ಹಾಕುತ್ತಾನೆ, ಅವನು ಹಾಕಿದ ಪಂಚರ್ ವರ್ಷಗಟ್ಟಲೆ ಬಿಡುವುದಿಲ್ಲ. ಬೇವಿನ ಮರದ ಕಡೆ ಕೆಲಸ ಬಿದ್ದರೆ ಮಾತ್ರ ಇನ್ನೂ ಹಿಂದಿನ ಗಲ್ಲಿಗಳನ್ನೇ ಸುತ್ತಿ ಹೋಗುತ್ತಾನೆ.