ಟೇಬಲ್ ಹತ್ತಿದ ಆಯಿ

ಒಂದು ಒಗಟ ಹೇಳ್ತೇನಿ, ಒಡೀರಿ. ಊರಾಗೆಲ್ಲ ಒಲಿ ನೆಲದ ಮ್ಯಾಲ, ರೊಟ್ಟಿ ಬಡಿಯಾಕೀನೂ ನೆಲದ ಮ್ಯಾಲ. ಸಾರವಾಡದಾಗ ನಮ್ಮ ಮನ್ಯಾಗಷ್ಟ ಒಲಿ ಟೇಬಲ್ ಮ್ಯಾಲ, ರೊಟ್ಟಿ ಬಡಿಯಾಕೀನೂ ಟೇಬಲ್ ಮ್ಯಾಲ. ಯಾಕ?

ನಿಮಗ ಬರೂದಿಲ್ಲ ಬಿಡ್ರಿ. ಗ್ಯಾಸ್ ಬಂದಾಗಿಂದ ನಮ್ಮ ಮನ್ಯಾಗ ಬರೇ ಇಂಥಾವ ನಡದಾವ.

೧. ಬೀಗರ ಚಹಾ

ಹೊಗಿ ಕುಡದು ಕುಡದು ಅವ್ವನ ಎದಿ ಕೆಟ್ಟಿತ್ತು. "ಇನ್ನ ಹೊಗಿ ಮನ್ಯಾಗ ಇರಬಾರದ್ರಿ" ಅಂದ್ರು ವಿಜಯಪುರದ ಡಾಕ್ಟರು. ಅಪ್ಪ ಗ್ಯಾಸ್ ತಂದ. ಆಯಿ, ಅಂದ್ರ ಅಪ್ಪನ ಅವ್ವ, ಸಿಲಿಂಡರಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು, ತನ್ನ ಹಳೇ ಇಳಕಲ್ ಸೀರಿ ಹೊಚ್ಚಿದ್ಳು. ಮರುದಿನ ಮತ್ತ ಕಟ್ಟಿಗಿ ಒಲೀನ ಹೊತ್ತಿಸಿದ್ಳು.

"ಗ್ಯಾಸ್ ಯಾಕ ಹಚ್ಚವಲ್ಲಿ ಬೇ?" ಅಪ್ಪ ಕೇಳಿದ.

"ಬೀಗರು ಬಂದಾಗ ಚಹಾಕ್ಕ ಬೇಕಲ್ಲೋ."

ಬೀಗರು ಬಂದ್ರು. ಚಹಾ ಕಟ್ಟಿಗಿ ಒಲಿ ಮ್ಯಾಲ ಆತು. ಸಿಲಿಂಡರ್ ತೋರಿಸಿ ಕಳಿಸಿದ್ಳು.

೨. ಎತ್ತರ

ಸಿಟ್ಟಿಗೆದ್ದ ಅಪ್ಪ ಗ್ಯಾಸಿನ ಒಲಿ ನೆಲಕ್ಕಿಟ್ಟು ಆಯಿನ್ನ ಮುಂದ ಕುಂದ್ರಿಸಿದ. ಒಲಿ ಜೋಡಸಾಕ ಬಂದ ಗ್ಯಾಸಿನಾವ ನೋಡಿ ಹಣಿ ಬಡಕೊಂಡ. "ಯಪ್ಪಾ, ಒಲಿ ಸಿಲಿಂಡರಿಗಿಂತ ಎತ್ತರ ಇರಬೇಕ್ರಿ."

ಅಪ್ಪ ವಿಜಯಪುರದ ಗಾಂಧಿ ಚೌಕದಿಂದ ಗಟ್ಟಿ ಟೇಬಲ್ ತಂದ.

"ನಿಂತು ರೊಟ್ಟಿ ಬಡಿಯಾಕ ನಾ ಏನ್ ಹೋಟೆಲ್ ಇಟ್ಟೇನೇನ್ಲೇ?" ಅಂದ್ಳು ಆಯಿ.

ನಾ ಚ್ಯಾಷ್ಟಿಗೆ, "ಹಂಗಾರ ಹತ್ತಿ ಕುಂದ್ರು" ಅಂದೆ.

ಹತ್ತಿದ್ಳು. ಹಿಟ್ಟಿನ ಪರಾತ ಮುಂದಿಟ್ಕೊಂಡು ಚಕ್ಕಳಮಕ್ಕಳ ಹಾಕಿದ್ಳು. ಓಣಿ ಹೆಣ್ಮಕ್ಕಳೆಲ್ಲ ನೋಡಾಕ ಬಂದ್ರು. ನೀರು ತಾ, ಉಪ್ಪು ತಾ, ಅರಿವಿ ತಾ. ಆಕಿ ಮ್ಯಾಲ, ನಾವೆಲ್ಲ ಕೆಳಗ.

೩. ಕಣ್ಣು ಕಟ್ಟಿದ್ದು

ಎರಡು ದಿನಕ್ಕ "ಗ್ಯಾಸಿನ ರೊಟ್ಟಿ ಸಪ್ಪಗ" ಅಂತ ಇಳದು ಮತ್ತ ಕಟ್ಟಿಗಿ ಹೊತ್ತಿಸಿದ್ಳು. ಅವ್ವ ಹೊರಗ ಕಟ್ಟಿ ಮ್ಯಾಲ ಕುಂತು ಕೆಮ್ಮಾಕತ್ತಿದ್ಳು. ನನಗ ತಡೀಲಿಲ್ಲ. ಗ್ಯಾಸಿನ ಮ್ಯಾಲ ಒಂದು, ಕಟ್ಟಿಗಿ ಒಲಿ ಮ್ಯಾಲ ಒಂದು ರೊಟ್ಟಿ ಮಾಡಿಸಿ, ಆಯಿ ಕಣ್ಣಿಗೆ ಟವೆಲ್ ಕಟ್ಟಿ ತಿನ್ನಿಸಿದೆ.

"ಕಟ್ಟಿಗಿ ಒಲೀದು ಯಾವುದು, ಹೇಳು."

"ಇದ. ಹೊಗಿ ವಾಸನಿ ಹೆಂಗ ಬರಾಕತ್ತೈತಿ ನೋಡು."

ಅದು ಗ್ಯಾಸಿಂದು. ಟವೆಲ್ ಬಿಚ್ಚಿ ತೋರಿಸಿದೆ. ಆಯಿ ಎದ್ದು ಕಟ್ಟಿಗಿ ಒಲಿ ಒಡದು ತಿಪ್ಪಿಗೆ ಚೆಲ್ಲಿದ್ಳು. ಅವ್ವನ ಕೆಮ್ಮು ನಿಂತಿತು.

ಒಲಿ ಒಡದದ್ದು, ಕೆಮ್ಮು ನಿಂತದ್ದು ನಾ ಕಟ್ಟಿದ್ದು. ಕತಿ ಮುಗೀಬೇಕಲ್ರಿ. ಖರೇ ಏನಂದ್ರ, ಆಯಿ ಟವೆಲ್ ಕಿತ್ತೊಗದು, "ತಾಟು ಅದಲಬದಲ ಮಾಡೀದಿ, ಭಾಡ್ಯಾ" ಅಂದ್ಳು. ಅಪ್ಪನೂ ಹೂಂ ಅಂದ. ಜನ್ಮದಾಗ ಒಮ್ಮಿ ಖರೇ ಮಾಡಿದ್ರ ಯಾರೂ ನಂಬವಲ್ರು.

ಟೇಬಲ್ ಮಾತ್ರ ಆಯಿಗೆ ಸೇರೇತಿ. ಮಣ್ಣಿನ ಕಟ್ಟಿಗಿ ಒಲೀನ ಅದರ ಮ್ಯಾಲ ಏರಿಸ್ಕೊಂಡು ಕುಂತಾಳ. ಸಿಲಿಂಡರ್ ಸೀರಿ ಹೊತ್ಕೊಂಡು ಮೂಲ್ಯಾಗೈತಿ. ಅವ್ವ ಕೆಮ್ಮಾಕತ್ತಾಳ. ಮೊದಲ ಹೊಗಿ ಕೆಳಗಿಂದ ಏರಿ ಬರ್ತಿತ್ತು, ಈಗ ನೇರ ಮಾರಿಗೇ ಬರ್ತೈತಿ.