ಆಷಾಢದಲ್ಲಿ ಕಟ್ಟಿದ ವೆಬ್‌ಸೈಟು

ಕಂಪ್ಯೂಟರ್ ಮುಂದೆ ಕೂತವರಿಗೆ ಅವಮಾನ ಹೊಸದಲ್ಲ. ಇಪ್ಪತ್ತರ ಹುಡುಗರಿಗೆ ಆದರೆ ಅದಕ್ಕೆ ಕಲಿಕೆ ಅಂತಾರೆ, ಐವತ್ತರ ಹೆಂಗಸಿಗೆ ಆದರೆ "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ" ಅಂತಾರೆ. ನನಗೆ ಇದು ಆಗುತ್ತಲೇ ಇರುತ್ತದೆ, ವಾರಕ್ಕೆ ನಾಲ್ಕು ಸಲವಾದರೂ. ಮೊದಲ ತಿಂಗಳಲ್ಲಿ ಆದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಶೆಟ್ಟಿಹಳ್ಳಿಯ ಒಂದು ಮದುವೆ ಛತ್ರದ ಮಹಡಿ ರೂಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು. ಒಂದು ಕಾಲಕ್ಕೆ ಮೂವತ್ತು ಮಿಷಿನ್ನು ಒಟ್ಟಿಗೆ ಬಡಿದರೆ ಕೆಳಗಿನ ವಾಲಗದವರು ಮೇಲೆ ಬಂದು ಜಗಳ ಆಡುತ್ತಿದ್ದರು. ಯಶವಂತಪುರಕ್ಕೆ ಮೆಟ್ರೋ ಬರುವ ಹೊತ್ತಿಗೆ ಉಳಿದದ್ದು ಏಳು ಮಿಷಿನ್ನು, ಮೂವರು ವಿದ್ಯಾರ್ಥಿಗಳು. ಛತ್ರದ ಯಜಮಾನರು ಹಳೇ ಊರಿನ ಗೌಡರು, ಒಳ್ಳೆಯವರೇ. ಆದರೆ ಒಂದು ದಿನ ಮೇಲೆ ಬಂದು, "ಮೇಡಂ, ಮೊಬೈಲ್ ಅಂಗಡಿಯೋರು ಈ ರೂಮ್ ಕೇಳ್ತಾವ್ರೆ" ಅಂದರು. ಅವರ ಹಿಂದೆಯೇ ಮೊಬೈಲ್ ಅಂಗಡಿಯವರು ಟೇಪು ಹಿಡಿದು ನಿಂತಿದ್ದರು. ನಾನು ಪಾಠ ಹೇಳುತ್ತಿರುವಾಗಲೇ ಗೋಡೆ ಅಳೆದರು.

"ಗೌಡ್ರೇ, ಯಲಹಂಕದ ಛತ್ರದೋರಿಗೆ ವೆಬ್‌ಸೈಟ್ ಇದೆ, ನಮಗಿಲ್ಲ ಅಂತ ಕೊರಗ್ತಿದ್ರಲ್ಲ. ನಾನು ಮಾಡಿಕೊಡ್ತೀನಿ. ರೂಮ್ ನನಗೇ ಬಿಡಿ" ಅಂದುಬಿಟ್ಟೆ.

ಗೌಡರು ಯೋಚಿಸಿದರು. "ಈಗ ಆಷಾಢ. ಮದುವೆ ಇಲ್ಲ, ಛತ್ರ ಖಾಲಿ. ಶ್ರಾವಣ ಬರೋದ್ರೊಳಗೆ ಅದು ನಡೀಬೇಕು. ಇಲ್ಲಾಂದ್ರೆ ರೂಮ್ ಅವರಿಗೆ."

"ಆಷಾಢದಲ್ಲಿ ಯಾರೂ ಏನೂ ಶುರು ಮಾಡಲ್ಲ ಮೇಡಂ" ಅಂತ ಮೊಬೈಲ್ ಅಂಗಡಿಯವರು ನಕ್ಕರು.

"ಅದಕ್ಕೇ ಕಾಂಪಿಟೇಷನ್ ಕಮ್ಮಿ" ಅಂದೆ. ವೆಬ್‌ಸೈಟ್ ಮಾಡೋದು ಹೇಗೆ ಅಂತ ನನಗೆ ಆ ಕ್ಷಣಕ್ಕೆ ದೇವರಾಣೆ ಗೊತ್ತಿರಲಿಲ್ಲ.

ಒಂದು ಅಲ್ಲದ ಒಂದು

ಒಂದು ದಪ್ಪ ಪುಸ್ತಕ ತಂದೆ. ಅದರ ಪ್ರಕಾರ ವೆಬ್‌ಸೈಟನ್ನು ಬುನಾದಿಯಿಂದ ಕಟ್ಟಬೇಕಿಲ್ಲ, ಫ್ರೇಮ್‌ವರ್ಕ್ ಅಂತ ಸಿಗುತ್ತದೆ. ಅರ್ಧ ಕಟ್ಟಿದ ಮನೆ ಇದ್ದ ಹಾಗೆ. ಪಿಲ್ಲರು, ಸ್ಲ್ಯಾಬು ಅವರೇ ಹಾಕಿರುತ್ತಾರೆ, ಗೋಡೆ ಬಾಗಿಲು ನಾವು ಇಟ್ಟುಕೊಳ್ಳಬೇಕು. ಅದರೊಳಗೆ ಎಲ್ಲ ಬರೆದಿಡುವ ರಿಜಿಸ್ಟರಿಗೆ ಡೇಟಾಬೇಸ್ ಅಂತ ಹೆಸರು. ಇಷ್ಟು ಅರ್ಥ ಆದಮೇಲೆ ಮೊದಲ ಪಾಠದ ಐದು ಸಾಲನ್ನು ನೋಡಿ ಟೈಪ್ ಮಾಡಿದೆ. ಎರರ್.

ನನಗೆ ಟೈಪಿಂಗ್ ಮಿಸ್ಟೇಕಾ? ಮತ್ತೆ ಹೊಡೆದೆ. ಎರರ್. ಪುಸ್ತಕವನ್ನೂ ಪರದೆಯನ್ನೂ ಅಕ್ಕಪಕ್ಕ ಇಟ್ಟು, ಪರೀಕ್ಷೆ ಪೇಪರ್ ತಿದ್ದುವ ಹಾಗೆ ಒಂದೊಂದು ಅಕ್ಷರಕ್ಕೂ ಪೆನ್ಸಿಲ್ ಇಟ್ಟು ನೋಡಿದೆ. ಒಂದೂ ತಪ್ಪಿಲ್ಲ. ಎರಡು ದಿನ ಹೀಗೇ ಹೋಯಿತು. ಪುಸ್ತಕವೇ ತಪ್ಪು ಅಂತ ತೀರ್ಮಾನಿಸಿ, ಪ್ರಕಾಶಕರಿಗೆ ಖಾರವಾಗಿ ಒಂದು ಪತ್ರವನ್ನೂ ಹೊಡೆದಿಟ್ಟೆ.

ಕೊನೆಗೆ ಇಂಟರ್‌ನೆಟ್ಟಿನಲ್ಲಿ ಇಂಥ ಕಷ್ಟ ಹೇಳಿಕೊಳ್ಳುವ ಜಗಲಿಕಟ್ಟೆಯೊಂದು ಸಿಕ್ಕಿತು. ನಾನು ಹೊಡೆದ ಐದು ಸಾಲನ್ನು ಹಾಗೇ ಅಲ್ಲಿ ಹಾಕಿದೆ. ಯಾವುದೋ ದೇಶದ ಪುಣ್ಯಾತ್ಮ ಉತ್ತರ ಕೊಟ್ಟ: "ನೀವು ಒಂದು ಅಂತ ಹೊಡೆದಿರೋದು ಒಂದಲ್ಲ, ಇಂಗ್ಲಿಷಿನ ಸಣ್ಣ ಎಲ್. ಸೊನ್ನೆಯೂ ಸೊನ್ನೆ ಅಲ್ಲ, ದೊಡ್ಡ ಓ."

ಆಗ ಹೊಳೆಯಿತು. ನಾನು ಕಲಿತ ಹಳೇ ಮಿಷಿನ್ನಿನಲ್ಲಿ ಒಂದಕ್ಕೂ ಸೊನ್ನೆಗೂ ಕೀಲಿಯೇ ಇರಲಿಲ್ಲ. ಎಲ್ಲರೂ ಎಲ್ ಮತ್ತು ಓ ಹೊಡೆಯುತ್ತಿದ್ದೆವು. ಮೂವತ್ತು ವರ್ಷದಿಂದ ಬೆರಳು ತನ್ನಷ್ಟಕ್ಕೆ ಅಲ್ಲಿಗೇ ಹೋಗುತ್ತದೆ. ನೋಡುವುದಕ್ಕೆ ಎರಡೂ ಒಂದೇ, ಕಣ್ಣಿಗೆ ಸಿಗುವುದು ಹೇಗೆ?

ಆ ಪುಣ್ಯಾತ್ಮ ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಇಷ್ಟು ವರ್ಷದಲ್ಲಿ ಇಂಥ ತಪ್ಪನ್ನು ನಾನು ನೋಡೇ ಇಲ್ಲ" ಅಂತ ಸೇರಿಸಿದ. ನಾನೂ ಬಿಡಲಿಲ್ಲ. "ನಿಮಗೆ ಸರಿಯಾಗಿ ಟೈಪಿಂಗ್ ಕಲಿತವರು ಯಾರೂ ಸಿಕ್ಕಿಲ್ಲ ಅಂತ ಕಾಣುತ್ತೆ" ಅಂತ ಬರೆದೆ.

ಹನ್ನೊಂದು ಜನ ಒಬ್ಬರೇ

ಸೈಟು ಎದ್ದು ನಿಂತ ಮೇಲೆ ಪರೀಕ್ಷೆಗೆಂದು ಗೌಡರ ಹಳೇ ಬುಕಿಂಗ್ ರಿಜಿಸ್ಟರನ್ನೇ ಡೇಟಾಬೇಸಿಗೆ ಹಾಕತೊಡಗಿದೆ. ಒಬ್ಬರ ಹೆಸರು ಎರಡು ಸಲ ಬರಬಾರದು ಅಂತ ಮೊದಲೇ ಜಾಣತನದಿಂದ ಕಟ್ಟುನಿಟ್ಟು ಮಾಡಿದ್ದೆ. ಮುನಿಯಪ್ಪ ಅಂತ ಹಾಕಿದೆ, ತೆಗೆದುಕೊಂಡಿತು. ನಾಲ್ಕು ಸಾಲು ಕೆಳಗೆ ಇನ್ನೊಂದು ಮುನಿಯಪ್ಪ. "ಈ ಹೆಸರು ಆಗಲೇ ಇದೆ" ಅಂತ ಒದ್ದು ಹೊರಗೆ ಹಾಕಿತು. ಹೀಗೇ ಹತ್ತು ಸಲ.

ನನಗೆ ಖುಷಿಯೋ ಖುಷಿ. ಕಂಪ್ಯೂಟರ್ ಬಂದರೆ ಹೀಗೇ ಬಂಡವಾಳ ಬಯಲಾಗುವುದು! ಗೌಡರನ್ನು ಕರೆದು, "ನೋಡಿ, ನಿಮ್ಮ ರಿಜಿಸ್ಟರಲ್ಲಿ ಒಬ್ಬರನ್ನೇ ಹನ್ನೊಂದು ಸಲ ಬರ್ಕೊಂಡಿದ್ದೀರಿ. ಹತ್ತು ತೆಗೆದುಹಾಕಿದ್ದೀನಿ" ಅಂದೆ.

ಗೌಡರು ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ರಸ್ತೆ ಕಡೆ ಬಾಗಿ, "ಏ ಮುನಿಯಪ್ಪಾ!" ಅಂತ ಒಂದು ಕೂಗು ಹಾಕಿದರು.

ಟೀ ಅಂಗಡಿಯಿಂದ ಇಬ್ಬರು ಲೋಟ ಹಿಡಿದು ಹೊರಗೆ ಬಂದರು. ಆಟೋದೊಳಗೆ ಮಲಗಿದ್ದ ಒಬ್ಬರು ಎದ್ದು ಕೂತರು. ಎದುರು ಕಟ್ಟಡದ ಮೂರನೇ ಮಹಡಿಯಿಂದ ಒಂದು ತಲೆ ಇಣುಕಿತು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವರೊಬ್ಬರು ಟವೆಲ್ ಸಮೇತ ಓಡಿ ಬಂದು, "ಏನ್ ಗೌಡ್ರೇ?" ಅಂದರು.

ಗೌಡರು ನನ್ನ ಕಡೆ ತಿರುಗಿ, "ಯಾರ್ನ ತೆಗೆದುಹಾಕಿದೀರಿ ತೋರ್ಸಿ ಮೇಡಂ, ಈಗ್ಲೇ ಹೇಳ್ಬಿಡನ" ಅಂದರು.

ಲಂಡನ್ ಮುಹೂರ್ತ

ಅಲ್ಲಿಂದ ಹೆಸರಿಗೆ ಬದಲು ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟೆ. ಪುಸ್ತಕದಲ್ಲಿ ಮೊದಲ ಅಧ್ಯಾಯದಲ್ಲೇ ಹಾಗೆ ಬರೆದಿತ್ತು; ಓದುವಾಗ ನನಗೆ ಅದು ಮುನಿಯಪ್ಪನಿಗೆ ಸಂಬಂಧಪಟ್ಟದ್ದು ಅಂತ ಗೊತ್ತಾಗಿರಲಿಲ್ಲ.

ಆಮೇಲೆ ರಿಜಿಸ್ಟರಿನ ಒಂದು ಮದುವೆ ಹಾಕಿ ಗೌಡರಿಗೆ ತೋರಿಸಿದೆ. ಭಾನುವಾರ ಬೆಳಗಿನ ಜಾವ ಐದಕ್ಕೆ ಧಾರೆ ಅಂತ ಕೊಟ್ಟಿದ್ದೆ. ಪರದೆ ಮೇಲೆ ಬಂದದ್ದು ಶನಿವಾರ ರಾತ್ರಿ ಹನ್ನೊಂದೂವರೆ.

ಗೌಡರು ಕನ್ನಡಕ ಏರಿಸಿದರು. "ಹನ್ನೊಂದೂವರೆ ರಾತ್ರೀಲಿ ಧಾರೆನಾ? ಗಂಡು ಮನುಷ್ಯನೋ, ದೆವ್ವಾನೋ?"

"ಒಂದು ನಿಮಿಷ ಇರಿ" ಅಂದೆ. ಆ ನಿಮಿಷ ಮೂರು ದಿನ ನಡೆಯಿತು. ಯಾವ ಮುಹೂರ್ತ ಕೊಟ್ಟರೂ ಐದೂವರೆ ಗಂಟೆ ಹಿಂದೆ ಹೋಗುತ್ತಿತ್ತು. ಎಲ್ಲ ಕಡೆ ಐದೂವರೆ ಗಂಟೆ ಕೂಡಿಸಿ ನೋಡಿದೆ. ಆಗ ಕೆಲವು ಮದುವೆ ಸರಿಯಾದವು, ಇನ್ನು ಕೆಲವು ಮಧ್ಯಾಹ್ನ ಊಟ ಮುಗಿದ ಮೇಲೆ ಧಾರೆಗೆ ಬಂದು ನಿಂತವು. ಕೊನೆಗೆ ಫ್ರೇಮ್‌ವರ್ಕಿನ ಒಂದು ಮೂಲೆಯಲ್ಲಿ ಸತ್ಯ ಸಿಕ್ಕಿತು. ಅದರ ಗಡಿಯಾರವನ್ನು ಹುಟ್ಟುವಾಗಲೇ ಇಂಗ್ಲೆಂಡಿನ ಲೆಕ್ಕಕ್ಕೆ ಇಟ್ಟಿರುತ್ತಾರಂತೆ. ಬೇಡ ಅಂದವರು ತಾವೇ ಬದಲಾಯಿಸಿಕೊಳ್ಳಬೇಕಂತೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಬಿಟ್ಟು ಹೋಗಿ ಎಷ್ಟು ಕಾಲವಾಯಿತು, ಇನ್ನೂ ಶೆಟ್ಟಿಹಳ್ಳಿಯ ಧಾರೆಗೆ ಅವರ ಗಡಿಯಾರವೇ? ಒಂದೇ ಸಾಲು ತಿದ್ದಿದೆ, ಎಲ್ಲ ಮದುವೆಯೂ ಜಾಗಕ್ಕೆ ಬಂತು. ಗೌಡರು ಮಾತ್ರ, ಮೂರು ದಿನದ ಹಿಂದೆ ತಾವು ಬೈದಿದ್ದ ಛತ್ರದ ಪುರೋಹಿತರಿಗೆ ಆ ಸಂಜೆ ಫೋನು ಮಾಡಿ, "ಸ್ವಾಮಿ, ನೀವು ಕೊಟ್ಟಿದ್ದ ಮುಹೂರ್ತ ಸರಿ ಇತ್ತಂತೆ. ತಪ್ಪು ಲಂಡನ್‌ನೋರದ್ದು" ಅಂತ ಕ್ಷಮೆ ಕೇಳಿದರು.

ದಿನಕ್ಕೊಂದು ಹೊತ್ತು

ಶ್ರಾವಣಕ್ಕೆ ಹತ್ತು ದಿನ ಇರುವಾಗ ಸೈಟನ್ನು ಊರಿಗೆಲ್ಲ ಕಾಣುವ ಹಾಗೆ ಬಿಟ್ಟೆ. ಕೆಳಗೆ ಛತ್ರದ ಆಫೀಸಿನಲ್ಲಿದ್ದ ಹಳೇ ಕಂಪ್ಯೂಟರಿನಲ್ಲೇ ಅದು ಓಡುತ್ತಿತ್ತು. ಓಡುತ್ತಿತ್ತು ಅಂದರೆ, ದಿನಾ ಒಂದು ಸಲ ಸಾಯುತ್ತಿತ್ತು. ಒಂದೂವರೆ ಗಂಟೆ ಬಿಟ್ಟು ತಾನೇ ಏಳುತ್ತಿತ್ತು. ಒಂದು ದಿನ ಬೆಳಿಗ್ಗೆ, ಮರುದಿನ ಮಧ್ಯಾಹ್ನ, ಅದರ ಮರುದಿನ ಊಟದ ಹೊತ್ತಿಗೆ. ಎದ್ದಾಗ ಡೇಟಾಬೇಸಿನಲ್ಲಿ, ನಾನು ಪರೀಕ್ಷೆಗೆಂದು ಹಾಕುತ್ತಿದ್ದ ಎರಡು ಮೂರು ಬುಕಿಂಗ್ ಅರ್ಧಂಬರ್ಧವಾಗಿ ಬಿದ್ದಿರುತ್ತಿದ್ದವು.

ಕರೆಂಟಿನವರನ್ನು ಬೈದೆ. ಕೇಬಲ್‌ನವರನ್ನು ಬೈದೆ. ಆಫೀಸಿನಲ್ಲಿ ಇಲಿ ಬೋನು ಇಟ್ಟೆ. ಜಗಲಿಕಟ್ಟೆಯ ಪಂಡಿತರೊಬ್ಬರು ಕಂಪ್ಯೂಟರಿನ ಮೆಮೊರಿ ಸೋರುತ್ತಿದೆ ಅಂದರು, ಇನ್ನೊಬ್ಬರು ಯಾರೋ ದಾಳಿ ಮಾಡುತ್ತಿದ್ದಾರೆ ಅಂದರು. ಮೊಬೈಲ್ ಅಂಗಡಿಯವರು ಆ ವಾರ ಎರಡು ಸಲ ಬಂದು ಕಿಟಕಿ ಅಳೆದುಕೊಂಡು ಹೋದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹೆದರಿಕೆ ಆಗಿತ್ತು. ಏಳು ಮಿಷಿನ್ನು ತೆಗೆದುಕೊಂಡು ಎಲ್ಲಿಗೆ ಹೋಗಲಿ?

ಒಂದು ವಾರ ಕೂತು, ಯಾವ ದಿನ ಎಷ್ಟೊತ್ತಿಗೆ ಸತ್ತಿತು, ಎಷ್ಟೊತ್ತಿಗೆ ಎದ್ದಿತು ಅಂತ ಹಾಳೆಯಲ್ಲಿ ಬರೆದೆ. ಸೋಮವಾರ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಬುಧವಾರ ಹನ್ನೆರಡರಿಂದ ಒಂದೂವರೆ. ತಲೆ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಾಗ ಛತ್ರ ಗುಡಿಸುವ ಅಜ್ಜಿ ಪೊರಕೆ ಹಿಡಿದು ಬಂದರು, ಹಾಳೆ ಮೇಲೆ ಕಣ್ಣಾಡಿಸಿದರು.

"ಏನ್ ಮೇಡಮ್ಮಾ, ಕ್ಯಾಲೆಂಡರ್ ಇಲ್ವಾ? ರಾವುಕಾಲ ಇಂಗೆ ಕೈಯಾಗೆ ಬರ್ಕಂಡ್ ಕುಂತಿದೀರಿ?"

ಕೆಳಗೆ ಓಡಿದೆ. ಗೌಡರು ಆಗತಾನೆ ಆಫೀಸಿನ ಮೇನ್ ಸ್ವಿಚ್ಚು ಹಾಕುತ್ತಿದ್ದರು. ಆರಿಸಿದ್ದು ನೀವಾ ಅಂದೆ. "ಹೂಂ ಮೇಡಂ, ದಿನಾ ನಾನೇ ಆರಿಸ್ತೀನಿ. ರಾಹುಕಾಲದಲ್ಲಿ ಮೂವತ್ತು ವರ್ಷದಿಂದ ನಾನೇ ಬುಕಿಂಗ್ ತಗೊಂಡಿಲ್ಲ. ಇವತ್ತು ಬಂದಿದ್ದು, ಇದು ತಗೊಂಡ್ಬಿಡೋದಾ?"

ಒಂಬತ್ತು ಗಂಟೆ

ಸ್ವಿಚ್ಚು ಮುಟ್ಟುವುದಿಲ್ಲ ಅಂತ ಗೌಡರಿಂದ ಮಾತು ತೆಗೆದುಕೊಂಡೆ. ಬದಲಿಗೆ ರಾಹುಕಾಲದಲ್ಲಿ ಸೈಟೇ ಬಾಗಿಲು ಹಾಕಿಕೊಂಡು, "ಈಗ ರಾಹುಕಾಲ, ಆಮೇಲೆ ಬನ್ನಿ" ಅಂತ ಹೇಳುವ ಹಾಗೆ ಬರೆದೆ. ಜಗಲಿಕಟ್ಟೆಯಲ್ಲಿ ಕೆಲವರು ನಕ್ಕರು. ನಗಲಿ, ಅವರ ಸೈಟು ಅವರಿಗೆ, ನನ್ನದು ನನಗೆ.

ಶ್ರಾವಣದ ಮೊದಲ ಸೋಮವಾರ ಎಂಟು ಗಂಟೆಗೆಲ್ಲ ಮೊಬೈಲ್ ಅಂಗಡಿಯವರು ಸ್ವೀಟ್ ಬಾಕ್ಸು, ಅಗ್ರಿಮೆಂಟು ಎರಡೂ ಹಿಡಿದು ಆಫೀಸಿಗೆ ಬಂದರು. ನಾನೂ ಇಳಿದು ಹೋದೆ. "ಗೌಡ್ರೇ, ಸೈಟ್ ನಡೀತಿದೆ. ರೂಮ್ ನಂದು."

"ನಡೀತಿದೆ ಅಂದ್ರೆ? ಬುಕಿಂಗ್ ಎಲ್ಲ ಮೇಡಮ್ಮೇ ಸುಮ್ನೆ ಹಾಕಿರೋದು" ಅಂದರು ಮೊಬೈಲ್ ಅಂಗಡಿಯವರು. "ನಿಜವಾದ ಬುಕಿಂಗ್ ಒಂದಾದ್ರೂ ಆಗಿದ್ಯಾ?"

ಗೌಡರು ಆ ಕಡೆ ನೋಡಿದರು, ಈ ಕಡೆ ನೋಡಿದರು. "ಈಗ ರಾಹುಕಾಲ, ನನ್ನ ಬಾಯಲ್ಲಿ ಏನೂ ಹೇಳ್ಸಬೇಡಿ. ಒಂಬತ್ತಕ್ಕೆ ನೋಡನ. ಛತ್ರದ ರೂಲ್ಸ್ ಗೊತ್ತಲ್ಲ, ಮೊದ್ಲು ಬಂದೋರಿಗೆ ಮೊದ್ಲು."

"ಇಬ್ರೂ ಬಂದೇ ನಿಂತಿದೀವಲ್ಲ ಗೌಡ್ರೇ" ಅಂದೆ. "ಮದುವೆ ಹಾಲ್, ಊಟದ ಮನೆ, ಹೆಣ್ಣಿನ ಕೋಣೆ, ಮಹಡಿ ರೂಮು, ಎಲ್ಲಾ ಸೈಟಲ್ಲಿ ಹಾಕಿದೀನಿ. ಒಂಬತ್ತಕ್ಕೆ ಬಾಗಿಲು ತೆರೆಯುತ್ತೆ. ಮಹಡಿ ರೂಮನ್ನ ಯಾರು ಮೊದಲು ಬುಕ್ ಮಾಡ್ತಾರೋ ಅವರಿಗೆ. ನಿಜವಾದ ಬುಕಿಂಗೂ ಆದ ಹಾಗಾಯ್ತು."

ಮೊಬೈಲ್ ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಡಂ, ನಾನು ಮೊಬೈಲ್ ಅಂಗಡಿಯೋನು! ನೀವು ಟೈಪ್‌ರೈಟ್ರು. ನೋಡ್ಕೊಂಡ್ ಮಾತಾಡಿ." ಜೇಬಿನಿಂದ ಎಲ್ಲಕ್ಕಿಂತ ಹೊಸ ಫೋನು ತೆಗೆದರು. ನಾನು ಆಫೀಸಿನ ಕೀಬೋರ್ಡಿನ ಧೂಳು ಒರೆಸಿ ಕೂತೆ. ಗುಡಿಸುವ ಅಜ್ಜಿ, ಬಾಳೆ ಎಲೆ ತಂದವರು, ಅರ್ಧ ಬೀದಿ ಬಾಗಿಲಲ್ಲಿ ಸೇರಿತು.

ಒಂಬತ್ತಾಯಿತು. ಬಾಗಿಲು ತೆರೆಯಿತು. ಅವರು ಎರಡು ಹೆಬ್ಬೆರಳಲ್ಲಿ ಹೆಸರು ಒತ್ತತೊಡಗಿದರು. ನಾನು ಕೀಬೋರ್ಡ್ ಕಡೆ ನೋಡಲೂ ಇಲ್ಲ. ನನ್ನ ಕ್ಲಾಸಿನಲ್ಲಿ ನೋಡಿದವರಿಗೆ ಸ್ಕೇಲಿನಲ್ಲಿ ಬೀಳುತ್ತಿತ್ತು. ಹೆಸರು, ಫೋನ್ ನಂಬರು, ಜಾಗ, ಕಾರಣ, ಶುರುವಾಗುವ ದಿನ, ಮುಗಿಯುವ ದಿನ. ಅವರು ತಮ್ಮ ಫೋನ್ ನಂಬರಿನ ಆರನೇ ಅಂಕಿಯಲ್ಲಿದ್ದಾಗ ನನ್ನದು ಮುಗಿದಿತ್ತು.

ಅವರೂ ಮುಗಿಸಿ ಒತ್ತಿದರು. "ಈ ಜಾಗ ಆಗಲೇ ಬುಕ್ ಆಗಿದೆ. ಬೇರೆ ದಿನ ಆರಿಸಿ" ಅಂತ ಬಂತು.

"ಬೇರೆ ದಿನ ಆರಿಸ್ಬೇಕಂತೆ" ಅಂತ ಗೌಡರು ಗಟ್ಟಿಯಾಗಿ ಓದಿದರು.

ಅವರು ನಾಳೆ ಅಂತ ಹಾಕಿದರು. ಬುಕ್ ಆಗಿದೆ. ಮುಂದಿನ ತಿಂಗಳು. ಬುಕ್ ಆಗಿದೆ. ಮುಂದಿನ ದೀಪಾವಳಿ. ಬುಕ್ ಆಗಿದೆ. ಹತ್ತು ವರ್ಷ ಮುಂದಕ್ಕೆ ಹೋದರು. ಬುಕ್ ಆಗಿದೆ. ಸಿಟ್ಟಿಗೆದ್ದು, ಸ್ವೀಟ್ ಬಾಕ್ಸನ್ನು ಮಾತ್ರ ಮರೆತು, ಹೊರಟೇ ಹೋದರು.

ಗೌಡರಿಗೆ ಅನುಮಾನ ಬಂತು. ಪರದೆ ಹತ್ತಿರ ಬಂದು ನನ್ನ ಬುಕಿಂಗನ್ನು ಬೆರಳಿಟ್ಟು ಓದಿದರು. ಕಾರಣ: ಟೈಪಿಂಗ್ ಕ್ಲಾಸು. ಮುಗಿಯುವ ದಿನ: ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ, ಡಿಸೆಂಬರ್ ಮೂವತ್ತೊಂದು. ಡೇಟಾಬೇಸಿಗೆ ಅದಕ್ಕಿಂತ ಮುಂದೆ ಎಣಿಸಲು ಬರುವುದಿಲ್ಲ.

"ಮೇಡಂ, ಇಷ್ಟ್ ದೂರ ಬುಕ್ ಮಾಡೋಕೆ ಬಿಡ್ಬಾರದಲ್ವಾ? ಇದೊಂದು ತಪ್ಪಿರ್ಬೇಕು ನೋಡಿ ನಿಮ್ಮ ಸೈಟಲ್ಲಿ."

"ಹೌದು ಗೌಡ್ರೇ, ತಪ್ಪೇ. ಹೊಸಬರು ಎಲ್ಲರೂ ಮಾಡೋ ತಪ್ಪು" ಅಂತ ಒಪ್ಪಿಕೊಂಡೆ. "ಖಂಡಿತ ತಿದ್ತೀನಿ. ನನ್ನ ಬುಕಿಂಗ್ ಒಂದು ಮುಗೀಲಿ."